ಗುನ್ವೋರಮ್ಮನ ವಯಸ್ಸು

ನಾರ್ವೆಯ ಕಡಲಂಚಿನ ಸ್ಕಾರ್ವೋಗ್‌ನಲ್ಲಿ ಹಿರಿಯರ ಕೇಂದ್ರವೆಂದರೆ ಅದು ಗುನ್ವೋರಮ್ಮನ ಕಾರುಬಾರು. ಒಂದು ಕಾಲಕ್ಕೆ ಬಲೆ ಒಣಗಿಸುತ್ತಿದ್ದ ಆ ಹಳೇ ಕಟ್ಟಡವನ್ನು ಊರವರೆಲ್ಲ ಕೂಲಿಯಿಲ್ಲದೆ ಕೈಜೋಡಿಸಿ ರಿಪೇರಿ ಮಾಡಿದಾಗ ಬಣ್ಣದ ಬಕೆಟ್ ಹಿಡಿದು ಒಳಹೊಕ್ಕವಳು, ಮೂವತ್ತೊಂದು ವರ್ಷವಾದರೂ ಅಡುಗೆಮನೆ ಬಿಟ್ಟು ಹೊರಬಂದಿಲ್ಲ. ಬುಧವಾರ ಬಂತೆಂದರೆ ಅವಳ ವಾಫಲ್ ಪರಿಮಳ ದೋಣಿಕಟ್ಟೆಯವರೆಗೂ ಹೋಗುತ್ತದೆ.

"ನಾನಿಲ್ದಿದ್ರೆ ಪಾಪ ಈ ಮುದುಕ್ರನ್ನ ನೋಡ್ಕೊಳ್ಳೋರು ಯಾರು?" ಎಂಬುದು ಅವಳ ಮಾಮೂಲು ಮಾತು.

ಆ ಮುದುಕರೆಲ್ಲ ಅವಳಿಗಿಂತ ಚಿಕ್ಕವರು. ಗುನ್ವೋರಮ್ಮನಿಗೆ ಎಂಬತ್ತಾರು. ಇದು ಅವಳೊಬ್ಬಳನ್ನು ಬಿಟ್ಟರೆ ಯಾರಿಗೂ ಗೊತ್ತಿಲ್ಲ. ದೂರದ ದ್ವೀಪದಿಂದ ಮದುವೆಯಾಗಿ ಬಂದವಳು ಹುಟ್ಟಿದ ವರ್ಷವನ್ನು ಯಾರು ಕಂಡಿದ್ದಾರೆ? ಬಚ್ಚಿಡುವುದಕ್ಕೆ ಕಾರಣ ಗೋಡೆಯ ಮೇಲೇ ತೂಗುತ್ತಿತ್ತು: "ಎಂಬತ್ತು ದಾಟಿದವರು ಇಲ್ಲಿ ತಟ್ಟೆ ಎತ್ತಬಾರದು, ಕೂತು ತಿನ್ನಬೇಕು." ಬರೆದವಳು ಅವಳೇ, ಐವತ್ತೈದರ ಹುರುಪಿನಲ್ಲಿ. ಆರು ವರ್ಷದಿಂದ ತಾನೇ ತೋಡಿದ ಗುಂಡಿಯ ಅಂಚಿನಲ್ಲಿ ಹುಷಾರಾಗಿ ಓಡಾಡಿಕೊಂಡಿದ್ದಳು.

ಒಂದು ಬುಧವಾರ ಕೇಂದ್ರದ ಮೇಲ್ವಿಚಾರಕಿ ಟೋನೆ ಕಾಗದ ಹಿಡಿದು ಬಂದಳು. "ಪುರಸಭೆಯೋರು ಖಡಾಖಂಡಿತವಾಗಿ ಹೇಳ್ಬಿಟ್ಟಿದಾರೆ. ಇವತ್ತು ಸಂಜೆಯೊಳಗೆ ಅರವತ್ತು ಸದಸ್ಯರಾಗ್ಲಿಲ್ಲ ಅಂದ್ರೆ ಬೀಗ ಅಂತೆ. ಐವತ್ತೊಂಬತ್ತಿದೆ. ಗುನ್ವೋರಮ್ಮ, ನಿಮ್ಮ ಹೆಸರೊಂದು ಸೇರಿಸಿ. ಹುಟ್ಟಿದ ವರ್ಷಾನೂ ಬರೀಬೇಕು."

"ನಾನ್ಯಾಕಮ್ಮ? ನಾನು ಕೆಲಸಕ್ಕೆ ಬರೋಳು."

ಕಿಟಕಿ ಪಕ್ಕದ ಮೆತ್ತನೆ ಕುರ್ಚಿ ಎಲ್ಲರಿಗಿಂತ ಹಿರಿಯರಿಗೆ ಮೀಸಲು. ಅದರಲ್ಲಿ ಠೀವಿಯಿಂದ ಕೂತಿದ್ದ ಹಳೇ ಮೀನುಗಾರ ಆಸ್ಲಾಕ್, ಎಂಬತ್ತನಾಲ್ಕರವನು, ನಕ್ಕ. "ಬರ್ದ್ಬಿಡೇ ಹುಡುಗಿ, ನಾಚ್ಕೋಬೇಡ. ನನ್ನ ಕುರ್ಚಿಯೇನೂ ಹೋಗಲ್ಲ."

ಗುನ್ವೋರಮ್ಮ ವಾಫಲ್ ಕಾವಲಿಯ ಕಡೆ ನೋಡಿದಳು, ಕೂತವರ ಕಡೆ ನೋಡಿದಳು. ಕಾವಲಿ ಕೈತಪ್ಪಿದರೆ ಅವಳಿಗೆ ಬದುಕೇ ಬೇಡ. ಬೀಗ ಬಿದ್ದರೆ ಇವರೆಲ್ಲ ಎಲ್ಲಿಗೆ ಹೋಗಬೇಕು? ಕೈಗೆ ಮೆತ್ತಿದ ಹಿಟ್ಟು ಒರೆಸಿಕೊಂಡು ಬರೆದೇಬಿಟ್ಟಳು.

ಟೋನೆ ಓದಿದಳು. ಕನ್ನಡಕ ಸರಿಮಾಡಿಕೊಂಡು ಮತ್ತೊಮ್ಮೆ ಓದಿದಳು. "ಎಂಬತ್ತಾರಾ?"

ಆಸ್ಲಾಕ್ ಊರುಗೋಲು ಹಿಡಿದು ನಿಧಾನಕ್ಕೆ ಎದ್ದು ನಿಂತ. "ಬಾರಕ್ಕ, ಕೂತ್ಕೋ," ಎಂದ.

ಗೋಡೆಯ ಮೇಲೆ ತನ್ನದೇ ಅಕ್ಷರ, ವಾದ ಮಾಡುವಂತಿರಲಿಲ್ಲ. ಕೂತಳು. ಟೋನೆ ವಾಫಲ್ ಮಾಡಿ ತಂದಳು. ಅಂಚು ಸೀದಿತ್ತು, ನಡುವೆ ಹಸಿ ಹಿಟ್ಟು. ಜೊತೆಗೆ ಕಾಫಿ. ಮೂವತ್ತೊಂದು ವರ್ಷದಲ್ಲಿ ಇಲ್ಲಿ ಬೇರೆಯವರು ಅವಳ ಕೈಗಿಟ್ಟ ಮೊದಲ ಕಾಫಿ ಅದು. ಒಂದು ತೊಟ್ಟೂ ಬಿಡದೆ ಕುಡಿದಳು.

ಆಮೇಲೆ ಎದ್ದು, ಟೋನೆಯ ಪೆನ್ನು ಕಸಿದುಕೊಂಡು, ಗೋಡೆಯ ಮೇಲಿನ 'ಎಂಬತ್ತು' ಹೊಡೆದುಹಾಕಿ 'ತೊಂಬತ್ತು' ಎಂದು ಬರೆದಳು.

"ಅಯ್ಯೋ! ಹಾಗಾದ್ರೆ ನಾನೂ ತಟ್ಟೆ ಎತ್ತಬೇಕೇನಕ್ಕ?" ಆಸ್ಲಾಕ್ ಗಾಬರಿಬಿದ್ದ.

"ಎತ್ತಿದ್ರೆ ಸಾಲ್ದು, ತೊಳೀಬೇಕು," ಎಂದಳು ಗುನ್ವೋರಮ್ಮ, ಏಪ್ರನ್ ಕಟ್ಟಿಕೊಳ್ಳುತ್ತ. "ಅಂಗಿ ತೋಳು ಮಡಚ್ಕೊಂಡು ಬಾರೋ, ಹುಡುಗ."