ರುಚಿ ನೋಡದ ಮೇಷ್ಟ್ರು

ಶ್ರೀನಿವಾಸಪುರದ ಕಡೆ ನಮ್ಮೂರ ಶಾಲೆಯಲ್ಲಿ ನಾನು ಬಿಸಿಯೂಟ ಬೇಯಿಸುತ್ತಿದ್ದೆ. ಪಕ್ಕದ ಕೋಣೆಯಲ್ಲಿ ಕನ್ನಡ ಮೇಷ್ಟ್ರು ಮಕ್ಕಳಿಗೆ ವಾದ ಮಾಡಿ ಬರೆಯುವುದನ್ನು ಕಲಿಸುತ್ತಿದ್ದರು. “ಯಾರೋ ಹೇಳಿದ್ರು ಅಂತ ಬರೀಬೇಡ್ರೋ, ಆಧಾರ ಕೊಡಿ,” ಎಂದು ಮೇಜು ಕುಟ್ಟುತ್ತಿದ್ದರು.

ಮಕ್ಕಳಿಗಿಂತ ಮೊದಲು ಅಡುಗೆಯ ರುಚಿ ನೋಡುವುದೂ ಅವರದೇ ಕೆಲಸ. ನಾನು ಕೆಳಗಿನ ಕೇರಿಯವಳು. ಅವರು ಪಾತ್ರೆಯ ಕಡೆ ಕಣ್ಣು ಹಾಯಿಸಿ, “ಚೆನ್ನಾಗಿದೆ, ಬಡಿಸಮ್ಮ,” ಎಂದು ಮನೆಯಿಂದ ತಂದ ಡಬ್ಬಿ ಬಿಚ್ಚುತ್ತಿದ್ದರು.

ಒಂದು ದಿನ ಏಳನೇ ಕ್ಲಾಸಿನ ಹುಡುಗಿ ಕೇಳಿಯೇಬಿಟ್ಟಳು: “ಬಾಯಿಗೇ ಇಕ್ಕಲಿಲ್ಲ, ಚೆನ್ನಾಗಿದೆ ಅನ್ನೋಕೆ ಏನ್ ಸಾರ್ ಆಧಾರ?”

ಮಕ್ಕಳು ನಕ್ಕರು. ಮೇಷ್ಟ್ರು ನನ್ನತ್ತ ತಿರುಗಿದರು. “ಏನಮ್ಮ, ನೀನು ಹೇಳಿಕೊಟ್ಯಾ?”

“ಇಲ್ಲ ಸಾರ್, ನೀವೇ ಕಲಿಸಿದ್ದು,” ಅಂದೆ.

ಆ ತಿಂಗಳೇ ನನ್ನನ್ನು ಕೆಲಸದಿಂದ ತೆಗೆಸಿದರು. ಅವರ ಜಾತಿಯ ಹೆಂಗಸು ಬಂದಳು. ಅವಳ ಹುಳಿಗೆ ಉಪ್ಪೇ ಇರಲಿಲ್ಲವೆಂದು ಮಕ್ಕಳು ಹೇಳಿದರು. ಮೇಷ್ಟ್ರು ಎರಡು ಸಲ ಹಾಕಿಸಿಕೊಂಡು ಉಂಡರಂತೆ.