ಮುಕ್ಕಾಲು ಬಲದ ಮೋಟಾರು, ಇಡೀ ಊರಿಗೆ ನೀರು

ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತಿ, ಅಂದರೆ ವೈಂಡಿಂಗ್ ಮಾಡಿ, ಮರುಜೀವ ಕೊಡುವವರು ಎಲ್ಲ ಊರುಗಳಲ್ಲೂ ಇದ್ದಾರೆ. ಆದರೆ ತಾಮ್ರವೂ ಡೀಸೆಲ್ಲೂ ಕೈಗೆಟುಕದಂತಾದ ಈ ಕಾಲದಲ್ಲಿ, ಇದ್ದುದರಲ್ಲೇ ಒಂದು ಊರು ಮರ್ಯಾದೆಯಿಂದ ಬಾಳಬಹುದೆಂದು ತೋರಿಸಿಕೊಟ್ಟವರು ಬೆರಳೆಣಿಕೆಯಷ್ಟೇ. ಆ ಕೆಲವರಲ್ಲಿ ಮೊದಲ ಸಾಲಿಗೆ ಸಲ್ಲುವವರು ನಮ್ಮ ನೀರು ಸರಬರಾಜು ಕೇಂದ್ರದ ದುರಸ್ತಿ ವಿಭಾಗದ ಮುಖ್ಯಸ್ಥೆ, ಚಿಕ್ಕವರು ದೊಡ್ಡವರೆನ್ನದೆ ಎಲ್ಲರೂ ‘ವೈಂಡಿಂಗ್ ಅಕ್ಕ’ ಎಂದು ಕರೆಯುವ ಹಿರಿಯರು. ಮೂವತ್ತೈದು ವರ್ಷಗಳ ಸೇವೆ ಮುಗಿಸಿ ನಿವೃತ್ತರಾಗುತ್ತಿರುವ ಅವರ ಬಗ್ಗೆ ಬರೆಯಲು ಸಂಪಾದಕರು ನನಗೆ ಎರಡು ಪುಟ ಕೊಟ್ಟಿದ್ದಾರೆ. ಅಕ್ಕನವರಾಗಿದ್ದರೆ ಒಂದೂವರೆಯಲ್ಲಿ ಮುಗಿಸಿ ಉಳಿದ ಕಾಗದವನ್ನು ಎತ್ತಿಡುತ್ತಿದ್ದರು.

ಅವರು ಸೇರಿದ ಹೊಸದರಲ್ಲಿ ನಮ್ಮ ದುರಸ್ತಿ ಶೆಡ್ಡಿಗೆ ಹೆಂಗಸರು ಕಾಲಿಡುತ್ತಿದ್ದುದು ನೆಲ ಗುಡಿಸಲು ಮಾತ್ರವಂತೆ. ಮೂರೇ ವರ್ಷಗಳಲ್ಲಿ ಅವರು ಅಲ್ಲೊಂದು ಪದ್ಧತಿ ತಂದರು. ಸುಟ್ಟು ಬಂದ ಪ್ರತಿ ಮೋಟಾರಿಗೂ ಒಂದು ತಗಡಿನ ಚೀಟಿ ಕಟ್ಟಿ ‘ಸತ್ತ ಕಾರಣ’ವನ್ನೂ ‘ಹೊಣೆ’ ಯಾರದೆಂಬುದನ್ನೂ ಬರೆಯಬೇಕು. ಸೋಮವಾರ ಬೆಳಿಗ್ಗೆ ಎಲ್ಲರೂ ನಿಂತು ಅವನ್ನು ಗಟ್ಟಿಯಾಗಿ ಓದಬೇಕು. ‘ಬೇರಿಂಗಿಗೆ ಗ್ರೀಸ್ ಇಲ್ಲ’, ‘ಒಳಗೆ ಇಲಿ’ ಎಂದೆಲ್ಲ ಇರುತ್ತಿತ್ತು. ನಾವು ಬೆನ್ನ ಹಿಂದೆ ಅದನ್ನು ಶೋಕಸಭೆ ಎನ್ನುತ್ತಿದ್ದೆವು. ಹಳೆಯ ಟ್ರಾನ್ಸ್‌ಫಾರ್ಮರುಗಳಿಂದ ಬಿಚ್ಚಿದ ಅಲ್ಯೂಮಿನಿಯಂ ತಂತಿಯನ್ನೂ ಅವರು ವರ್ಷಗಟ್ಟಲೆ ಕೂಡಿಟ್ಟರು. ಅದನ್ನು ಕಂಡು ನಕ್ಕವರಲ್ಲಿ ನಾನೂ ಒಬ್ಬ.

ಡಿಪ್ಲೊಮಾ ಮುಗಿಸಿ ನಾನು ಅವರ ಕೈಕೆಳಗೆ ಸೇರಿದ ಎರಡನೆಯ ವರ್ಷ ತಾಮ್ರ ಬರುವುದು ನಿಂತಿತು. ಮೊದಲು ಬೆಲೆ ಏರಿತು, ಆಮೇಲೆ ‘ಆರು ತಿಂಗಳು ಕಾಯಿರಿ’ ಎಂಬ ಉತ್ತರ ಬಂತು, ಕೊನೆಗೆ ಉತ್ತರವೇ ಇಲ್ಲ. ತಾಮ್ರ ಹಾಳುಮಾಡಿದವರನ್ನು ಕೆಲಸದಿಂದ ತೆಗೆಯಬೇಕೆಂಬ ಆದೇಶವೂ ಆಗಲೇ ಬಂತು. ಪಂಪ್‌ಹೌಸಿನ ಎರಡು ದೊಡ್ಡ ಮೋಟಾರುಗಳಲ್ಲಿ ಒಂದು ಸುಟ್ಟಿತ್ತು. ನಮ್ಮಲ್ಲಿ ಉಳಿದಿದ್ದ ಕಟ್ಟಕಡೆಯ ತಾಮ್ರದ ತಂತಿಯನ್ನು ಅಕ್ಕ ನನ್ನನ್ನು ನಂಬಿ ನನ್ನ ಕೈಗಿತ್ತರು.

ಹಳೆಯ ಸುರುಳಿಯನ್ನು ಹದವಾಗಿ ಬಿಸಿಮಾಡಿ, ಇಡೀ ದಿನ ತಾಳ್ಮೆಯಿಂದ ಎಳೆದು ತೆಗೆಯಬೇಕೆಂಬುದು ಅವರ ಪಾಠ. ನಾನು ಜಾಣತನ ತೋರಿಸಲು ಹೋಗಿ, ಅವರಿಲ್ಲದಾಗ ಗ್ಯಾಸಿನ ಉರಿ ಹಿಡಿದು ಒಂದೇ ಗಂಟೆಯಲ್ಲಿ ಸುಟ್ಟು ಕಿತ್ತುಹಾಕಿದೆ. ಒಳಗಿನ ಕಬ್ಬಿಣದ ಹಾಳೆಗಳ ನಡುವೆ ಬಿಸಿಯೇರದಂತೆ ಕಾಯುವ ಲೇಪವೂ ಅದರೊಂದಿಗೇ ಸುಟ್ಟಿತು. ಹೊಸ ತಂತಿ ಸುತ್ತಿದ ಮೋಟಾರು ಹನ್ನೊಂದು ದಿನ ಕಾದ ಹೆಂಚಿನಂತಿದ್ದು ಸತ್ತಿತು. ಕೊನೆಯ ತಾಮ್ರವನ್ನೂ ಜೊತೆಗೆ ಕೊಂಡೊಯ್ದಿತು. ಉರಿ ಹಿಡಿದದ್ದನ್ನು ನಾನು ಮುಚ್ಚಿಟ್ಟೆ. ಅಕ್ಕ ಮೋಟಾರನ್ನು ಮೂಸಿ ನೋಡಿದರು, ನನ್ನ ಮುಖ ನೋಡಿದರು, ಚೀಟಿ ಬರೆದರು. ಆ ಸೋಮವಾರ ಅದನ್ನು ಓದಿಸದೆ ಡ್ರಾಯರಿನಲ್ಲಿ ಇಟ್ಟುಕೊಂಡರು.

ಮುಂದಿನ ಬೇಸಿಗೆಯಲ್ಲಿ ಎರಡನೆಯ ಮೋಟಾರೂ ಕೈಕೊಟ್ಟಿತು. ಆಗ ಹೊರಬಂತು ನೋಡಿ, ನಾವು ನಕ್ಕಿದ್ದ ಆ ಅಲ್ಯೂಮಿನಿಯಂ! ಅದರ ಹೊದಿಕೆ ಉದುರಿಹೋಗಿತ್ತು. ಮೇಲಿನ ಬೀದಿಯ ದರ್ಜಿಗಳು, ಅವರಲ್ಲಿ ನಮ್ಮಮ್ಮನೂ ಒಬ್ಬರು, ಶೆಡ್ಡಿನಲ್ಲಿ ಸಾಲಾಗಿ ಕುಳಿತು ತಂತಿಗೆ ತೆಳ್ಳನೆಯ ಬಟ್ಟೆಪಟ್ಟಿ ಸುತ್ತಿದರು. ಅದಕ್ಕೆ ವಾರ್ನಿಷ್ ಕುಡಿಸಿ, ಮೋಟಾರಿಗೆ ಸುತ್ತಿ, ಅಕ್ಕ ಸ್ವಿಚ್ ಹಾಕಿದರು. ಮೋಟಾರು ತಿರುಗಿತು, ಆದರೆ ಮುಕ್ಕಾಲು ಬಲದಲ್ಲಿ. ಕೆಳಗಿನ ಬೀದಿಗಳಿಗೆ ನೀರು ಬಂತು. ದಿಬ್ಬದ ಮೇಲಿನ ನಮ್ಮ ನಲವತ್ತು ಮನೆಗಳಿಗೆ ಹನಿಯೂ ಹತ್ತಲಿಲ್ಲ.

ಎಂಜಿನಿಯರ್ ಸಾಹೇಬರು ಸಭೆ ಕರೆದರು. “ಆ ನಲ್ವತ್ತು ಮನೆಯವ್ರು ಕೆಳಗೆ ಬಂದ್ಬಿಡ್ಲಿ. ಬೇರೆ ದಾರಿ ಇಲ್ಲ” ಎಂದರು. ಮೊದಲ ಮೋಟಾರನ್ನು ಹಾಳುಮಾಡಿದವನು ನಾನು, ಮನೆ ಬಿಡಬೇಕಾದವಳು ನನ್ನ ತಾಯಿ. ನನಗೆ ನೆಲ ಬಾಯ್ಬಿಟ್ಟರೆ ಸಾಕೆನಿಸಿತ್ತು.

ಅಕ್ಕ ಎದ್ದು ನಿಂತರು. “ಸಾರ್, ಮೋಟಾರು ಎತ್ತೋ ನೀರು ಎಲ್ಲರಿಗೂ ಸಾಕು. ಅರ್ಧ ದಾರೀಲೇ ಸೋರಿ ಹೋಗ್ತಿದೆ. ಒಂದು ತಿಂಗ್ಳು ಕೊಡಿ, ಹಿಡಿದು ತೋರಿಸ್ತೀವಿ.”

ಮಧ್ಯಾಹ್ನ ಬೀದಿಗಳು ಸದ್ದಡಗಿದ ಹೊತ್ತಿನಲ್ಲಿ ಕಬ್ಬಿಣದ ಸರಳಿನ ಒಂದು ತುದಿಯನ್ನು ಕೊಳವೆಗೂ ಇನ್ನೊಂದನ್ನು ಕಿವಿಗೂ ಇಟ್ಟರೆ ನೆಲದಡಿಯ ಸೋರಿಕೆ ಕೇಳುತ್ತದೆ. ಅಕ್ಕ ಅರವತ್ತು ಜನರಿಗೆ ಅದನ್ನು ಕಲಿಸಿದರು. ಕಟಿಂಗ್ ಶಾಪಿನ ಯಜಮಾನರು ಸರಳು ಹಿಡಿದು ಬಗ್ಗಿ, “ಮೂವತ್ತು ವರ್ಷ ಬೇರೆಯವ್ರ ಕಿವಿ ಕುಯ್ಯದೆ ಕಾಪಾಡಿದೀನಿ. ಈಗ ನನ್ನ ಕಿವಿಗೂ ಕೆಲ್ಸ ಸಿಕ್ತು” ಎಂದು ಬೀದಿಯನ್ನೆಲ್ಲ ನಗಿಸಿದರು. ಇಪ್ಪತ್ತಾರು ದಿನಗಳಲ್ಲಿ ನೂರಹನ್ನೆರಡು ಸೋರಿಕೆ ಸಿಕ್ಕವು. ಸೈಕಲ್ಲಿನ ಹಳೆಯ ಟ್ಯೂಬು ಸುತ್ತಿ, ಪಟ್ಟಿ ಬಿಗಿದು, ಎಲ್ಲವನ್ನೂ ಮುಚ್ಚಿದೆವು.

ಇಪ್ಪತ್ತೇಳನೆಯ ದಿನ ನಾನು ಅಮ್ಮನ ಅಡುಗೆಮನೆಯಲ್ಲಿ ನಿಂತಿದ್ದೆ. ನಲ್ಲಿ ಕೆಮ್ಮಿತು, ಕೆಸರು ಉಗುಳಿತು, ಆಮೇಲೆ ಧಾರೆಯಾಗಿ ಸುರಿಯಿತು. “ಬಂತು ಕಣೋ!” ಎಂದು ಅಮ್ಮ ಕೂಗಿದ್ದು ಮೂರು ಮನೆಯಾಚೆಗೂ ಕೇಳಿಸಿತು, ಅಲ್ಲಿಂದಲೂ ಅದೇ ಕೂಗು ತಿರುಗಿ ಬಂತು. ನಾನು ಅತ್ತೆ, ಅದನ್ನು ಹೇಳಿಕೊಳ್ಳಲು ನಾಚಿಕೆಯಿಲ್ಲ. ಇಂದಿಗೂ ಒಂದು ಮನೆಯೂ ಆ ದಿಬ್ಬ ಇಳಿದಿಲ್ಲ. ಅಂದಿನಿಂದ ಸಿಕ್ಕ ಚೂರುಪಾರು ತಾಮ್ರವೆಲ್ಲ ಆಸ್ಪತ್ರೆಯ ಯಂತ್ರಗಳಿಗೆ ಮೀಸಲು. ಹದಿನಾಲ್ಕು ಊರುಗಳವರು ಬಂದು ಅಕ್ಕನಿಂದ ಈ ವಿದ್ಯೆ ಕಲಿತು ಹೋಗಿದ್ದಾರೆ.

ಕಳೆದ ವಾರ ಅವರ ಮೇಜು ಖಾಲಿಮಾಡಲು ನೆರವಾಗುವಾಗ ಆ ತಗಡಿನ ಚೀಟಿ ಸಿಕ್ಕಿತು. ‘ಸತ್ತ ಕಾರಣ: ಅವಸರ. ಹೊಣೆ: ನಾನು’ ಎಂದು ಬರೆದು, ಕೆಳಗೆ ತಮ್ಮ ಸಹಿ ಹಾಕಿದ್ದರು. ಕಚೇರಿಗೆ ಕಳಿಸಿದ ಅದೇ ವರದಿಯ ಪ್ರತಿಯನ್ನೂ ಅದಕ್ಕೆ ಕಟ್ಟಿದ್ದರು. ಹಿರಿಯರೆಂದು ಅವರ ಕೆಲಸ ಉಳಿದರೂ, ಅವರ ಬಡ್ತಿ ನಾಲ್ಕು ವರ್ಷ ನಿಂತುಹೋಗಿದ್ದು ಏಕೆಂದು ನನಗೆ ತಿಳಿದದ್ದು ಆಗ. ಅದನ್ನು ಅವರ ಮುಂದೆ ಹಿಡಿದೆ.

“ಮೋಟಾರಂತೂ ಹೋಗಿತ್ತು, ನಿನ್ನ ಹೆಸ್ರು ಬರೆದಿದ್ರೆ ನೀನೂ ಹೋಗ್ತಿದ್ದೆ. ಇರೋದೇ ಕಮ್ಮಿ, ಎರಡೆರಡು ಯಾಕಪ್ಪ ಕಳ್ಕೊಳ್ಳೋದು?” ಎಂದು ಅವರು ಡ್ರಾಯರು ಒರೆಸುವುದನ್ನು ಮುಂದುವರಿಸಿದರು.

ಅಕ್ಕ, ಒಳ್ಳೆಯ ಮೋಟಾರಿಗೆ ನೀವು ಬಯಸುವುದನ್ನೇ ನಾನು ನಿಮಗೂ ಬಯಸುತ್ತೇನೆ: ಹದವಾದ ಓಟ, ಕಡಿಮೆ ಬಿಸಿ, ಬಹಳ ವರ್ಷಗಳ ಬಾಳಿಕೆ. ನಿಮ್ಮ ಸರಳು ಶೆಡ್ಡಿನ ಗೋಡೆಗೇ ಒರಗಿರುತ್ತದೆ, ಕಿವಿ ಕೊಡಲು ನೀವು ಬರುತ್ತಲೇ ಇರಬೇಕು. ಬರುವ ಸೋಮವಾರವಂತೂ ತಪ್ಪಿಸಬೇಡಿ. ಅಂದು ಮೊದಲು ಓದುವುದು ಆ ಚೀಟಿಯನ್ನೇ. ‘ಹೊಣೆ: ನಾನು’ ಎಂಬುದರ ಕೆಳಗೆ ನಿಮ್ಮ ಸಹಿಗೆ ಅಡ್ಡಗೆರೆ ಎಳೆದು ನನ್ನದನ್ನು ಹಾಕಿದ್ದೇನೆ.