ಕೇಬಲ್ಲಿಗಾಗಿ ಹತ್ತಿಸಿದ ಮರ

ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ತುರುವೇಕೆರೆಯಲ್ಲಿ ನಾನು ಕೆಲಸ ಮಾಡುವ ಸೈಬರ್ ಸೆಂಟರಿನಲ್ಲಿ ಇಂಟರ್ನೆಟ್ ನಿಂತಿತು. ಮಾಲೀಕರ ಮನೆಯಿಂದ ಅಂಗಡಿಗೆ ಕೇಬಲ್ಲು ತೆಂಗಿನ ಮರಗಳ ಮೇಲೆ ಬರುತ್ತಿತ್ತು. ನನ್ನ ಲಿನಕ್ಸ್ ಕಂಪ್ಯೂಟರಿಗೆ ಆ ಕಡೆಯಿಂದ ತಾನಾಗಿ ಬರುವ ನೆಟ್‌ವರ್ಕ್ ವಿಳಾಸ, ಅಂದರೆ ಐಪಿ ನಂಬರು, ಬಂದಿತ್ತು; ಆದರೆ ಅದು ನಮ್ಮ ಅಂಗಡಿಗೆ ಎಂದಿನಂತೆ ಬರುವ ವಿಳಾಸವಲ್ಲ.

“ಸಾರ್, ವಿಳಾಸ ಬಂದಿದೆ ಅಂದ್ರೆ ಕೇಬಲ್ಲು ಸರಿಯಾಗಿದೆ. ಮನೇಲಿ ಹೊಸದೇನಾದ್ರೂ ಸಿಕ್ಕಿಸಿದ್ರಾ?” ಎಂದು ಮಾಲೀಕರನ್ನು ಕೇಳಿದೆ.

“ನಿಂದು ಪುಸ್ತಕದ ಲೆಕ್ಕ ಕಣಮ್ಮ. ಗರಿ ಬಿದ್ದು ಕೇಬಲ್ಲು ಕಿತ್ತೋಗಿರ್ತದೆ,” ಎಂದ ಮಾಲೀಕರು ಅಲ್ಲೇ ನಿಂತಿದ್ದ, ತೆಂಗಿನಕಾಯಿ ಕೀಳುವವನತ್ತ ತಿರುಗಿದರು. “ಹತ್ಲಾ.”

ಅವನು ಹತ್ತಿದ. ಒಣಗಿದ ಗರಿಯೊಂದು ಅವನ ಕೈ ತಾಗಿ ಕಳಚಿ, ಪಕ್ಕದ ಕರೆಂಟು ತಂತಿಗಳ ಮೇಲೆ ಬಿತ್ತು. ಕಿಡಿ ಅವನ ಮುಖದವರೆಗೆ ಹಾರಿತು. ಮರವನ್ನು ತಬ್ಬಿಕೊಂಡೇ ಜಾರಿದವನ ಎದೆಯ ಚರ್ಮ ಕಿತ್ತುಬಂತು.

ಆಗ ಮಾಲೀಕರು ಮೆಲ್ಲಗೆ ಹೇಳಿದರು: “ಬೆಳಿಗ್ಗೆ ಮನೇಲಿ ಹೊಸ ವೈಫೈ ಡಬ್ಬಿ ಹಾಕ್ದೆ. ಅದಕ್ಕೂ ಇದಕ್ಕೂ ಏನು ಸಂಬಂಧ?”

ತಪ್ಪು ವಿಳಾಸ ಹಂಚುತ್ತಿದ್ದದ್ದೇ ಆ ಡಬ್ಬಿ. ಅವರ ಮನೆಗೆ ಹೋಗಿ ಅದನ್ನು ಕಿತ್ತು, ಅಂಗಡಿಗೆ ಬಂದು ಕಂಪ್ಯೂಟರು ಮತ್ತೊಮ್ಮೆ ವಿಳಾಸ ಕೇಳುವಂತೆ ಮಾಡಿದೆ. ಸರಿಯಾದದ್ದು ತಕ್ಷಣ ಬಂತು. ಕೇಳಿದ ಒಂದು ಪ್ರಶ್ನೆಗೆ ಉತ್ತರ ಕೊಟ್ಟಿದ್ದರೆ ಅವನು ಮರ ಹತ್ತಬೇಕಿರಲಿಲ್ಲ. ಆ ಸಿಟ್ಟು ಇಂದಿಗೂ ಇಳಿದಿಲ್ಲ.

ಇನ್ನು ಯಾರನ್ನಾದರೂ ಮರ ಹತ್ತಿಸಿದರೆ ಕೆಲಸಕ್ಕೆ ಬರುವುದಿಲ್ಲ ಎಂದು ಮಾಲೀಕರಿಗೆ ಹೇಳಿದೆ. ರಾತ್ರಿ ಕಣ್ಣು ಮುಚ್ಚಿದರೆ ಅದೇ ಕಿಡಿ, ನಿದ್ದೆ ಹತ್ತುತ್ತಿರಲಿಲ್ಲ. ಕೊನೆಗೆ ಅವರು ಕೇಬಲ್ಲನ್ನು ಪೈಪಿನಲ್ಲಿ ನೆಲದೊಳಗೆ ಹೂಳಿಸಿದ ದಿನ ರಾತ್ರಿ, ನಾನು ಬೆಳಗಾಗುವವರೆಗೂ ನಿದ್ದೆ ಮಾಡಿದೆ.